ಸಹಾಯ ಬೇಕು: ಮಾ ಡಾ ಹೇ ಟ್ರೇಲ್‌ನಲ್ಲಿ ಕುದುರೆ ಸವಾರಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿನೆಸೋಟಾದಲ್ಲಿ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ನಮ್ಮ ಎರಡು ಕುದುರೆಗಳ ಜೊತೆ ನಾರ್ತ್ ಡಕೋಟಾದ ಲಿಟಲ್ ಮಿಸೌರಿ ಸರ್ಕಾರಿ ಹುಲ್ಲುಗಾವಲಿಗೆ ಹೊರಟಿದ್ದೇವೆ. ಅಲ್ಲಿನ ಮಾ ಡಾ ಹೇ ಟ್ರೇಲ್ ಸುಮಾರು 144 ಮೈಲಿ. ಅಷ್ಟೂ ನಮ್ಮ ಕೈಲಾಗಲ್ಲ ಬಿಡಿ. ಮೆಡೋರಾ ಊರಿನ ಆಸುಪಾಸಿನಲ್ಲಿ ನಾಲ್ಕು ದಿನ ಸಾಕು.

ತಲೆಬಿಸಿ ಇರುವುದು ನೀರಿನದ್ದು. ಒಂದು ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ಬೇಕು. ಕ್ಯಾಂಪ್‌ಗ್ರೌಂಡಿನ ಕೈಪಂಪುಗಳನ್ನು ಆ ತಿಂಗಳಲ್ಲಿ ನಂಬಬಹುದಾ? ಇಲ್ಲ, ಮೊದಲೇ ಕ್ಯಾನ್ ತುಂಬಿಸಿ ಒಯ್ಯಬೇಕಾ?

ಇನ್ನೊಂದು ಭಯ ಮಳೆ. ಕಳೆದ ವರ್ಷ ಸುಮ್ನೆ ನಡೆಯಲು ಹೋಗಿದ್ದೆ. ಅರ್ಧ ಗಂಟೆ ಮಳೆಗೇ ಬೂಟಿನಡಿ ರಾಗಿಮುದ್ದೆ ಗಾತ್ರದ ಜೇಡಿಮಣ್ಣು ಮೆತ್ತಿಕೊಂಡಿತು, ಕೆರೆದರೂ ಬರಲಿಲ್ಲ. ಗೊರಸಿಗೂ ಹೀಗೇ ಆದರೆ ಏನು ಮಾಡುತ್ತೀರಿ? ಒಣಗುವ ತನಕ ಕಾಯೋದೇನಾ? ನಮ್ಮ ಹೆಣ್ಣು ಕುದುರೆ ಬೇರೆ ಅಂಜುಬುರುಕಿ, ಕಾಲು ಜಾರಿದರೆ ಮುಂದೆ ಹೆಜ್ಜೆ ಇಡಲ್ಲ.

ಕಳೆಬೀಜ ಇಲ್ಲದ, ಸರ್ಟಿಫಿಕೇಟ್ ಇರುವ ಒಣಹುಲ್ಲನ್ನೇ ಒಯ್ಯಬೇಕು ಅನ್ನೋದು ಗೊತ್ತು. ಕುದುರೆಗಳಿಗೆ ಸೋಂಕಿನಿಂದ ಬರುವ ರಕ್ತಹೀನತೆ ಇದೆಯಾ ಅಂತ ನೋಡುವ ಕಾಗಿನ್ಸ್ ರಕ್ತಪರೀಕ್ಷೆಯೂ ಆಗಿದೆ. ಆದರೆ ಆ ಹುಲ್ಲು ಅಲ್ಲೇ ಹತ್ತಿರದಲ್ಲಿ ಸಿಗುತ್ತಾ? ಟ್ರೇಲರ್‌ನಲ್ಲಿ ಜಾಗ ಕಮ್ಮಿ. ಹೋಗಿ ಬಂದವರು ದಯವಿಟ್ಟು ಹೇಳಿ.