ಯಹೂದಿ ಶಾಲೆಗಳಲ್ಲಿ ಓದು, ನಡತೆ, ಸಮುದಾಯ ಇವು ಹೇಗೆ ಒಂದಾಗುತ್ತವೆ?

ಪ್ರಶ್ನೆ: ಧಾರವಾಡದ ಶಿಕ್ಷಕಿ

ಮಾನ್ಯರೆ, ಸಮುದಾಯವೊಂದರ ವಿದ್ಯಾಸಂಸ್ಥೆ ನಡೆಸುವ ಪ್ರೌಢಶಾಲೆಯಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ನಮ್ಮಲ್ಲಿ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶಕ್ಕೆ ಒಂದು ಸಮಿತಿ ಇದೆ, ಮೌಲ್ಯಶಿಕ್ಷಣಕ್ಕೆ ವಾರಕ್ಕೊಂದು ಅವಧಿ ಇದೆ, ಸಮುದಾಯದ ಹಿರಿಯರನ್ನು ಕರೆಯುವುದಕ್ಕೆ ವಾರ್ಷಿಕೋತ್ಸವವೂ ಇದೆ. ಆದರೆ ಈ ಮೂರೂ ಒಂದನ್ನೊಂದು ಅರಿಯದವುಗಳಂತೆ ನಡೆಯುತ್ತವೆ. ಯಹೂದಿ ಶಾಲೆಗಳಲ್ಲಿ ಹಾಗಲ್ಲ, ಅಲ್ಲಿ ಪಾಠ ಕಲಿಯುವ ರೀತಿಯೇ ಮಗುವಿನ ನಡತೆಯನ್ನು ರೂಪಿಸುತ್ತದೆ ಎಂದು ಹಲವೆಡೆ ಓದಿದ್ದೇನೆ. ದಿನನಿತ್ಯದ ವ್ಯವಸ್ಥೆಯಲ್ಲಿ ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡವರು ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನೊಂದು ವಿಷಯವೂ ನನ್ನನ್ನು ಕಾಡುತ್ತಿದೆ. ಕೋಲ್ಕತ್ತದ ಯಹೂದಿ ಬಾಲಕಿಯರ ಶಾಲೆಯಲ್ಲಿ ಈಗ ಓದುತ್ತಿರುವವರಲ್ಲಿ ಹೆಚ್ಚಿನವರು ಮುಸ್ಲಿಂ ಹೆಣ್ಣುಮಕ್ಕಳು. ಕಟ್ಟಿದ ಸಮುದಾಯವೇ ಊರು ಬಿಟ್ಟ ಮೇಲೆ ಅಂಥ ಶಾಲೆಯಲ್ಲಿ ಉಳಿಯುವುದಾದರೂ ಏನು?

ಉತ್ತರ 1: ನ್ಯೂಜೆರ್ಸಿಯ ಗಣಿತ ಶಿಕ್ಷಕ

ನಾನು ಯಹೂದಿಯಲ್ಲ, ಆದರೆ ಯಹೂದಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೇನೆ. ಬೆಳಗಿನ ಪ್ರಾರ್ಥನೆಯಿಂದ ದಿನ ಆರಂಭವಾಗುತ್ತದೆ. ದಿನದ ಒಂದು ಭಾಗ ಹೀಬ್ರೂ, ತೋರಾ, ಮೇಲಿನ ತರಗತಿಗಳಲ್ಲಿ ತಾಲ್ಮುದ್‌ ಪಾಠಗಳಿಗೆ ಮೀಸಲು. ತೋರಾ ಎಂದರೆ ಯಹೂದಿಗಳ ಮೂಲ ಧರ್ಮಗ್ರಂಥ, ತಾಲ್ಮುದ್‌ ಎಂದರೆ ಅವರ ಗುರುಗಳ ಧರ್ಮಚರ್ಚೆಗಳ ಸಂಗ್ರಹ. ಉಳಿದ ಭಾಗದಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್‌, ಇತಿಹಾಸ. ಶುಕ್ರವಾರ ಸೂರ್ಯಾಸ್ತಕ್ಕೆ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ ಆರಂಭವಾಗುವುದರಿಂದ ಅಂದು ಶಾಲೆ ಬೇಗ ಮುಗಿಯುತ್ತದೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಹವ್ರುತಾ ಎಂಬ ಜೋಡಿ ಓದಿನ ಪದ್ಧತಿ. ಇಬ್ಬರು ಮಕ್ಕಳು ಒಂದೇ ಪಠ್ಯವನ್ನು ಮುಂದಿಟ್ಟುಕೊಂಡು ಗಟ್ಟಿಯಾಗಿ ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಇನ್ನೊಬ್ಬರು ಆಕ್ಷೇಪ ಎತ್ತುತ್ತಾರೆ. ಕೋಣೆಯ ತುಂಬ ಗದ್ದಲವಿರುತ್ತದೆ, ಶಿಕ್ಷಕರು ಜೋಡಿಯಿಂದ ಜೋಡಿಗೆ ಓಡಾಡುತ್ತಿರುತ್ತಾರೆ. ಜೊತೆಗಾರನಿಗೆ ಅರ್ಥವಾಗದಿದ್ದರೆ ತಾನು ಮುಂದಿನ ಸಾಲಿಗೆ ಹೋಗುವಂತಿಲ್ಲ ಎಂಬುದನ್ನು ಮಗು ಬಹಳ ಬೇಗ ಕಲಿಯುತ್ತದೆ. ಹಿಲ್ಲೆಲ್‌ ಮತ್ತು ಶಮ್ಮಾಯ್‌ ಎಂಬ ಇಬ್ಬರು ಗುರುಗಳ ಪರಂಪರೆಗಳ ನಡುವೆ ದೀರ್ಘಕಾಲ ನಡೆದ ವಾದವನ್ನು ತಾಲ್ಮುದ್‌ ದಾಖಲಿಸಿದೆ. ಎರಡೂ ಪಕ್ಷಗಳ ಮಾತು ದೇವರ ಮಾತೇ ಆದರೂ ಹಿಲ್ಲೆಲ್‌ ಪರಂಪರೆಯ ತೀರ್ಪನ್ನೇ ಅಂಗೀಕರಿಸಿದ್ದೇಕೆ ಎಂಬುದಕ್ಕೆ ಅಲ್ಲಿರುವ ಕಾರಣ ಗಮನಾರ್ಹವಾದುದು: ಅವರು ಮೃದು ಸ್ವಭಾವದವರಾಗಿದ್ದರು, ಎದುರಾಳಿಗಳ ಮಾತನ್ನೂ ಕಲಿಸುತ್ತಿದ್ದರು, ಅಷ್ಟೇ ಅಲ್ಲ, ತಮ್ಮ ಮಾತಿಗಿಂತ ಮೊದಲು ಅದನ್ನು ಹೇಳುತ್ತಿದ್ದರು. ಈ ಭಾಗವನ್ನು ಓದಿದ ಮಕ್ಕಳಿಗೆ ಸಜ್ಜನಿಕೆಯ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ವಾದದಲ್ಲಿ ಗೆಲ್ಲುವುದಕ್ಕೂ ಎದುರಿನವರ ಮಾತು ಕೇಳುವುದಕ್ಕೂ ಇರುವ ನಂಟನ್ನು ಅವರು ಪ್ರತಿದಿನವೂ ಅಭ್ಯಾಸ ಮಾಡುತ್ತಿರುತ್ತಾರೆ.

ಸಾಧನೆಯನ್ನು ಗುರುತಿಸುವ ರೀತಿಯೂ ಬೇರೆ. ತಾಲ್ಮುದಿನ ಒಂದು ಗ್ರಂಥಭಾಗವನ್ನು ಓದಿ ಮುಗಿಸಿದಾಗ ಸಿಯುಮ್‌ ಎಂಬ ಆಚರಣೆ ನಡೆಯುತ್ತದೆ. ಕೊನೆಯ ಸಾಲುಗಳನ್ನು ಎಲ್ಲರ ಮುಂದೆ ಓದಿ, ಪ್ರಾರ್ಥನೆ ಹೇಳಿ, ಒಟ್ಟಿಗೆ ಊಟ ಮಾಡುತ್ತಾರೆ. ಅಲ್ಲಿ ಮೊದಲ ಸ್ಥಾನ ಯಾರದು ಎಂಬ ಪ್ರಶ್ನೆಯೇ ಬರುವುದಿಲ್ಲ. ತರಗತಿಯಲ್ಲಿ ದಾನದ ಡಬ್ಬಿ ಇರುತ್ತದೆ, ಕೂಡಿದ ಹಣ ಯಾರಿಗೆ ಸಲ್ಲಬೇಕೆಂದು ಮಕ್ಕಳೇ ಚರ್ಚಿಸುತ್ತಾರೆ. ಸಹಪಾಠಿಯ ಮನೆಯಲ್ಲಿ ಸಾವು ಸಂಭವಿಸಿದರೆ ಏಳು ದಿನಗಳ ಶೋಕಾಚರಣೆಯ ಸಮಯದಲ್ಲಿ ಗೆಳೆಯರೂ ಶಿಕ್ಷಕರೂ ಆ ಮನೆಗೆ ಹೋಗಿ ಕುಳಿತು ಬರುತ್ತಾರೆ. ಇದಕ್ಕೆ ಅಂಕಗಳಿಲ್ಲ.

ಒಂದು ತೊಡಕನ್ನು ಮುಚ್ಚಿಡಬಾರದು. ಎರಡು ಪಠ್ಯಕ್ರಮಗಳ ಹೊರೆ ಭಾರವಾದುದು. ನಿಧಾನವಾಗಿ ಕಲಿಯುವ ಮಗು ಎರಡು ಕಡೆಯೂ ಹಿಂದುಳಿಯುವ ಅಪಾಯವಿದೆ. ಇಲ್ಲಿನ ಹೆಚ್ಚಿನ ಯಹೂದಿ ಶಾಲೆಗಳು ಖಾಸಗಿಯಾಗಿರುವುದರಿಂದ ಶುಲ್ಕವೂ ಅನೇಕ ಕುಟುಂಬಗಳ ಕೈಗೆಟುಕುವುದಿಲ್ಲ.

ಉತ್ತರ 2: ಮುಂಬೈ ಕನ್ನಡಿಗ

ನಿಮ್ಮ ಎರಡನೆಯ ಪ್ರಶ್ನೆಗೆ ಮುಂಬೈಯ ಉದಾಹರಣೆಯನ್ನು ಸೇರಿಸುತ್ತೇನೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತ, ಸಬ್ಬತ್ತಿನ ದಿನವಾದ ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ (ಶನಿವಾರದ ಗಾಣಿಗ) ಎಂದು ಕರೆಯಿಸಿಕೊಂಡಿದ್ದ ಬೆನೆ ಇಸ್ರೇಲ್‌ ಯಹೂದಿಗಳು ಮರಾಠಿ ಮನೆಮಾತಿನವರು. ಮುಂಬೈಗೆ ಬಂದು ನೆಲೆಸಿದ ಅವರ ಮಕ್ಕಳಿಗಾಗಿ ಹಾಯಿಮ್‌ ಸ್ಯಾಮ್ಯುಯೆಲ್‌ ಕೆಹಿಮಕರ್‌ ಮತ್ತು ಸಂಗಡಿಗರು 1875ರಲ್ಲಿ ಇಸ್ರೇಲೈಟ್‌ ಶಾಲೆಯನ್ನು ಆರಂಭಿಸಿದರು. ಅದೇ ಮುಂದೆ ಸರ್‌ ಎಲ್ಲಿ ಕಡೂರಿ ಶಾಲೆಯಾಯಿತು. 1905ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್‌ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ರೆಬೆಕ್ಕಾ ರೂಬೆನ್‌ ಮುಂದೆ ಇಂಗ್ಲೆಂಡಿನಲ್ಲಿ ಓದಿ ಬಂದು, 1922ರಿಂದ 1950ರವರೆಗೆ ಇಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಎಲ್ಲಿ ಬೇಕಾದರೂ ಉನ್ನತ ಹುದ್ದೆ ಪಡೆಯಬಹುದಾಗಿದ್ದ ವಿದ್ವಾಂಸೆಯೊಬ್ಬರು ತಮ್ಮ ಜೀವನದ ಬಹುಭಾಗವನ್ನು ಮಧ್ಯಮ ಹಾಗೂ ಬಡ ಕುಟುಂಬಗಳ ಮಕ್ಕಳಿಗೆ ಕೊಟ್ಟರೆಂಬುದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

1948ರ ನಂತರ ಬೆನೆ ಇಸ್ರೇಲ್‌ ಕುಟುಂಬಗಳಲ್ಲಿ ಹೆಚ್ಚಿನವು ಇಸ್ರೇಲಿಗೆ ತೆರಳಿದವು. ಶಾಲೆ ಮಾತ್ರ ಮುಚ್ಚಲಿಲ್ಲ. ನೆರೆಹೊರೆಯ ಹಿಂದೂ, ಮುಸ್ಲಿಂ ಮಕ್ಕಳು ಆ ಬೆಂಚುಗಳನ್ನು ತುಂಬಿದರು. ಕೋಲ್ಕತ್ತದ ಕಥೆಯೂ ಹೀಗೆಯೇ: ಬಾಗ್ದಾದ್‌ ಮೊದಲಾದ ಕಡೆಗಳಿಂದ ಬಂದು ನೆಲೆಸಿದ ಬಾಗ್ದಾದಿ ಯಹೂದಿಗಳು 1881ರಲ್ಲಿ ತಮ್ಮ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆ, ಒಂದು ಕಾಲಕ್ಕೆ ಸಾವಿರಾರು ಜನರಿದ್ದ ಆ ಸಮುದಾಯ ಬೆರಳೆಣಿಕೆಗೆ ಇಳಿದ ಮೇಲೂ ನಡೆಯುತ್ತಿದೆ. ಆ ನಗರದ ಯಹೂದಿ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ತಲೆಮಾರುಗಳಿಂದ ನೋಡಿಕೊಂಡು ಬಂದವರೂ ಮುಸ್ಲಿಂ ಕುಟುಂಬದವರೇ. ಹೀಬ್ರೂ ಪಾಠ ಉಳಿಯಲಿಲ್ಲ ಎಂಬುದು ನಷ್ಟವೇ ಸರಿ. ಆದರೆ ಹೆಣ್ಣುಮಕ್ಕಳನ್ನು ಓದಿಸಲೇಬೇಕೆಂಬ ಸ್ಥಾಪಕರ ಹಟ ಇಂದಿಗೂ ಅಲ್ಲಿ ಕೆಲಸ ಮಾಡುತ್ತಿದೆ, ಬೇರೆ ಮನೆಗಳ ಹೆಣ್ಣುಮಕ್ಕಳಿಗಾಗಿ.

ಉತ್ತರ 3: ಲಂಡನ್ನಿನಿಂದ

ಸಮುದಾಯದ ಶಾಲೆ ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಇಲ್ಲಿ ನ್ಯಾಯಾಲಯದವರೆಗೆ ಹೋಗಿತ್ತು. 1732ರಲ್ಲಿ ಬಡ ಮಕ್ಕಳಿಗಾಗಿ ಆರಂಭವಾದ ಲಂಡನ್ನಿನ ಯಹೂದಿ ಉಚಿತ ಶಾಲೆ, ತಾಯಿ ಯಹೂದಿ ಹೌದೋ ಅಲ್ಲವೋ ಎಂಬುದನ್ನು ನೋಡಿ ಪ್ರವೇಶ ಕೊಡುತ್ತಿದ್ದುದು ಜನಾಂಗೀಯ ತಾರತಮ್ಯವಾಗುತ್ತದೆ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್‌ 2009ರಲ್ಲಿ ಬಹುಮತದಿಂದ ತೀರ್ಪಿತ್ತಿತು. ಧರ್ಮದ ಆಚರಣೆಯನ್ನು ಆಧಾರವಾಗಿಟ್ಟುಕೊಳ್ಳುವ ಪದ್ಧತಿ ಆಮೇಲೆ ಬಂತು. ಬರ್ಮಿಂಗ್‌ಹ್ಯಾಮಿನ ಕಿಂಗ್‌ ಡೇವಿಡ್‌ ಪ್ರಾಥಮಿಕ ಶಾಲೆಯದು ಇನ್ನೊಂದು ದಾರಿ: ಅಲ್ಲಿ ಬಹಳಷ್ಟು ಮಕ್ಕಳು ಮುಸ್ಲಿಮರು, ಆದರೂ ಎಲ್ಲರೂ ಹೀಬ್ರೂ ಕಲಿಯುತ್ತಾರೆ, ಯಹೂದಿ ಹಬ್ಬಗಳನ್ನು ಆಚರಿಸುತ್ತಾರೆ. ಒಗ್ಗಟ್ಟು ಗಟ್ಟಿಯಾದಷ್ಟೂ ಬಾಗಿಲು ಕಿರಿದಾಗುತ್ತದೆ ಎಂದು ನಾನು ನಂಬಿದ್ದೆ. ಈ ಶಾಲೆ ಹಾಗಾಗಬೇಕಿಲ್ಲ ಎಂದು ತೋರಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಒಂಬತ್ತನೆಯ ತರಗತಿಯಲ್ಲಿ ಶಾಸನಗಳ ಪಾಠವನ್ನು ಜೋಡಿ ಓದಿನ ರೀತಿಯಲ್ಲಿ ಮಾಡಿಸಬೇಕೆಂದಿದ್ದೇನೆ. ಚುರುಕಾದ ಮಗುವನ್ನೂ ಹಿಂದುಳಿದ ಮಗುವನ್ನೂ ಜೊತೆಗೆ ಕೂರಿಸಿದರೆ ಮೊದಲನೆಯದೇ ಮಾತಾಡಿ ಮುಗಿಸುವುದಿಲ್ಲವೇ?

ಉತ್ತರ 1ರ ಶಿಕ್ಷಕರಿಂದ

ಮುಗಿಸುತ್ತದೆ, ಖಂಡಿತ. ಆದ್ದರಿಂದ ಅಷ್ಟೊಂದು ಅಂತರವಿರುವವರನ್ನು ಆರಂಭದಲ್ಲಿ ಜೊತೆ ಮಾಡಬೇಡಿ, ಜೋಡಿಗಳನ್ನು ಮೇಲಿಂದ ಮೇಲೆ ಬದಲಿಸಲೂ ಬೇಡಿ. ಪರಸ್ಪರ ನಂಬಿಕೆ ಹುಟ್ಟಲು ಸಮಯ ಬೇಕು. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯದ ಬದಲು ಜೊತೆಗಾರರ ಅಭಿಪ್ರಾಯವನ್ನು ತರಗತಿಗೆ ವಿವರಿಸಬೇಕೆಂದು ಮೊದಲೇ ಹೇಳಿಬಿಡಿ. ಆಗ ಚುರುಕಾದ ಮಗುವಿಗೂ ಕೇಳಿಸಿಕೊಳ್ಳದೆ ಬೇರೆ ದಾರಿ ಇರುವುದಿಲ್ಲ.