ಕಿಟಕಿ ಗಾಜಿನ ದ್ರವ ಸ್ಫಟಿಕಕ್ಕೆ ಯಾವ ದ್ವಿವರ್ಣಿ ಬಣ್ಣ ಸೂಕ್ತ?

ಪ್ರಶ್ನೆ:
ವಿದ್ಯುತ್ ಕೊಟ್ಟಾಗ ಕಪ್ಪಾಗುವ ಗಾಜಿಗಾಗಿ ನೆಮ್ಯಾಟಿಕ್ ದ್ರವ ಸ್ಫಟಿಕದಲ್ಲಿ (ಅಣುಗಳು ಒಂದೇ ದಿಕ್ಕಿಗೆ ಸಾಲುಗೊಳ್ಳುವ ದ್ರವ) ಅಜೋ ಎಂಬ ದ್ವಿವರ್ಣಿ ಬಣ್ಣವನ್ನು (ಬೆಳಕಿನ ಧ್ರುವೀಕರಣದ ದಿಕ್ಕಿಗೆ ತಕ್ಕಂತೆ ಹೆಚ್ಚು ಕಡಿಮೆ ಬೆಳಕು ಹೀರುವ ಬಣ್ಣ) ಕರಗಿಸಿ ಪ್ರಯೋಗ ಮಾಡುತ್ತಿದ್ದೇನೆ. ಕಾಂಟ್ರಾಸ್ಟ್ ಚೆನ್ನಾಗಿದ್ದರೂ ಬಿಸಿಲಿಗೆ ಬಣ್ಣ ಮಾಸುತ್ತಿದೆ. ಆಂಥ್ರಾಕ್ವಿನೋನ್ ಬಣ್ಣಕ್ಕೆ ಬದಲಾಯಿಸಬಹುದೇ? ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ, ಅಂದರೆ ಧ್ರುವೀಕರಿಸಿದ ಬೆಳಕನ್ನು ಮಾತ್ರ ಬಿಡುವ ಹಾಳೆ) ಇಲ್ಲದೆ ಕೆಲಸ ನಡೆಯುತ್ತದೆಯೇ?

ಉತ್ತರ 1:
ಬದಲಾಯಿಸಬಹುದು, ಆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಅಜೋ ಅಣುಗಳು ಉದ್ದನೆಯ ಕಡ್ಡಿಯಂತಿರುವುದರಿಂದ ಸುತ್ತಲಿನ ದ್ರವ ಸ್ಫಟಿಕದ ಅಣುಗಳೊಂದಿಗೆ ಚೆನ್ನಾಗಿ ಸಾಲುಗೊಳ್ಳುತ್ತವೆ. ಆಂಥ್ರಾಕ್ವಿನೋನ್ ಬಣ್ಣಗಳು ಸಾಮಾನ್ಯವಾಗಿ ಬೆಳಕನ್ನು ಹೆಚ್ಚು ತಾಳಿಕೊಂಡರೂ ಬೆಳಕು ಹೀರುವ ಶಕ್ತಿಯಲ್ಲಿ ಹಿಂದೆ ಬೀಳುತ್ತವೆ. ಸಾಲಿಗೆ ಸಮಾನಾಂತರವಾಗಿ ಮತ್ತು ಲಂಬವಾಗಿ ಧ್ರುವೀಕರಿಸಿದ ಬೆಳಕಿನ ಹೀರಿಕೆಯನ್ನು ಅಳೆದು, ಅವುಗಳ ಅನುಪಾತವನ್ನು R ಎಂದುಕೊಂಡರೆ, ಅಣುಗಳು ಎಷ್ಟು ಚೆನ್ನಾಗಿ ಸಾಲುಗೊಂಡಿವೆ ಎಂಬುದರ ಅಳತೆ (ಆರ್ಡರ್ ಪ್ಯಾರಾಮೀಟರ್) S = (R−1)/(R+2). R 10 ಇದ್ದರೆ S 0.75 ಆಗುತ್ತದೆ. ಎರಡೂ ಬಣ್ಣಗಳಿಗೆ ಇದನ್ನು ಅಳೆಯದೆ ತೀರ್ಮಾನಿಸಬೇಡಿ. ಅದಕ್ಕೂ ಮೊದಲು ಗಾಜಿನ ಹೊರಮೈಗೆ ನೇರಳಾತೀತ ಕಿರಣ ತಡೆಯುವ ಪದರವೊಂದನ್ನು ಅಂಟಿಸಿ ನೋಡಿ.

ಉತ್ತರ 2:
ಪೋಲರೈಸರ್ ವಿಚಾರಕ್ಕೆ ಬರುತ್ತೇನೆ. ಸಂಶೋಧಕರಾದ ಹೈಲ್‌ಮೈಯರ್ ಮತ್ತು ಝನೋನಿ 1968ರಲ್ಲಿ ತೋರಿಸಿದ ವ್ಯವಸ್ಥೆಗೆ ಒಂದು ಪೋಲರೈಸರ್ ಬೇಕಿತ್ತು, ಏಕೆಂದರೆ ಒಂದೇ ದಿಕ್ಕಿಗೆ ಮಲಗಿದ ಬಣ್ಣದ ಅಣುಗಳು ಬೆಳಕಿನ ಒಂದು ಧ್ರುವೀಕರಣವನ್ನು ಮಾತ್ರ ಹೀರುತ್ತವೆ. 1974ರಲ್ಲಿ ವೈಟ್ ಮತ್ತು ಟೇಲರ್ ಕೈರಲ್ ವಸ್ತುವನ್ನು (ಕನ್ನಡಿ ಬಿಂಬದೊಂದಿಗೆ ಹೊಂದಿಕೆಯಾಗದ ಅಣುಗಳುಳ್ಳದ್ದು) ಬೆರೆಸಿ ಅಣುಗಳನ್ನು ಸುರುಳಿಯಾಗಿಸಿದ್ದರಿಂದ ಎರಡೂ ಧ್ರುವೀಕರಣಗಳು ಹೀರಲ್ಪಟ್ಟವು; ಆದರೆ ಸುರುಳಿ ಬಿಗಿಯಾದಷ್ಟೂ ವೋಲ್ಟೇಜ್ ಹೆಚ್ಚು ಬೇಕು. ತಮಗೆ ವಿದ್ಯುತ್ ಕೊಟ್ಟಾಗಲೇ ಕಪ್ಪಾಗಬೇಕಾದ್ದರಿಂದ, ಋಣ ಡೈಎಲೆಕ್ಟ್ರಿಕ್ ಅಸಮದಿಕ್ಕತೆಯ (ಅಂದರೆ ವಿದ್ಯುತ್ ಕ್ಷೇತ್ರಕ್ಕೆ ಅಡ್ಡಲಾಗಿ ಅಣುಗಳು ತಿರುಗುವ) ದ್ರವ ಸ್ಫಟಿಕವನ್ನು ಗಾಜಿಗೆ ಲಂಬವಾಗಿ ನಿಲ್ಲಿಸುವ ಜೋಡಣೆ ಬೇಕಾಗುತ್ತದೆ.

ಉತ್ತರ 3:
ಬಣ್ಣದಲ್ಲಿ ಅಯಾನುಗಳ ಕಲ್ಮಶವಿದ್ದರೆ ವಿದ್ಯುತ್ ಸೋರಿಕೆ ಹೆಚ್ಚುತ್ತದೆ. ಮಿಶ್ರಣವನ್ನು ತಣ್ಣಗಾಗಿಸಿ, ಬಣ್ಣ ಹರಳುಗಳಾಗಿ ಬೇರ್ಪಡುತ್ತದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ನಂತರವೇ ಸೆಲ್‌ಗೆ (ಎರಡು ಗಾಜುಗಳ ನಡುವಿನ ತೆಳು ಜಾಗಕ್ಕೆ) ತುಂಬಿಸಿ.