ಕಲ್ಟ್ ಅಂದ್ರೆ ಎಂತ ಮಾರಾಯ

ಗುಂಪು: ಬಿಎಸ್ಸಿ 1995–98, ಶಿವಮೊಗ್ಗ

ಮಂಜು: ಎಲ್ರೂ ನೋಡ್ರಪ್ಪ. ನಮ್ಮ ಬ್ಯಾಚ್ ಸೇರೋದಕ್ಕೆ ಹಾಲ್ ಸಿಕ್ತು, ಪ್ರೊಜೆಕ್ಟರೂ ಸಿಕ್ತು. ಎರಡು ಸಿನಿಮಾ ಹಾಕ್ಬಹುದು. ಶನಿವಾರ ರಾತ್ರಿ ಒಂದು, ಭಾನುವಾರ ಬೆಳಿಗ್ಗೆ ಒಂದು. ಹಕ್ಕು ಇರೋರ ಹತ್ರ ಅನುಮತಿ ಕೇಳ್ಬೇಕು, ಅದಕ್ಕೆ ಈ ವಾರವೇ ತೀರ್ಮಾನ ಆಗ್ಲಿ. ಯಾರೋ ಕಳಿಸಿದ ಪಟ್ಟಿ ಹಾಕ್ತಿದೀನಿ, ಇದರಲ್ಲಿ ಆರಿಸಿ.

ಮಂಜು (ಫಾರ್ವರ್ಡ್):
ಕನ್ನಡಿಗರು ನೋಡಲೇಬೇಕಾದ ಸಿನಿಮಾಗಳು!!
ಕ್ಲಾಸಿಕ್: ಬಂಗಾರದ ಮನುಷ್ಯ, ನಾಗರಹಾವು
ಕಲ್ಟ್: ಓಂ, ಎ
ಹೊಸದು: ಕೆಜಿಎಫ್, ಕಾಂತಾರ
ಅವಾರ್ಡ್ ಸಿನಿಮಾ (ತಾಳ್ಮೆ ಇದ್ದವರಿಗೆ): ಸಂಸ್ಕಾರ, ಘಟಶ್ರಾದ್ಧ

ನಾಗರಾಜ: ಓಂ. ಮುಗೀತು. ಊಟಕ್ಕೇನು ಅಂತ ಮಾತಾಡಿ.

ಪ್ರಕಾಶ: ಎಂತ ಮುಗೀತು? ಓಂ ಒಳ್ಳೆ ಸಿನಿಮಾ, ಒಪ್ತೇನೆ. ಆದ್ರೆ ಅದು ಕಲ್ಟ್ ಹೇಗಾಯ್ತು? ಬಂದ ದಿನದಿಂದ ಹೌಸ್‌ಫುಲ್ ಹೋದದ್ದು ಹಿಟ್ ಮಾರಾಯ. ಬಂದಾಗ ಯಾರಿಗೂ ಬೇಡವಾಗಿ, ಆಮೇಲೆ ಒಬ್ಬರಿಂದ ಒಬ್ಬರಿಗೆ ಹೇಳಿ ಹೇಳಿಯೇ ಬದುಕಿತಲ್ಲ, ಅದು ಕಲ್ಟ್. ಉಳಿದವರು ಕಂಡಂತೆ ಅನ್ನುವ ಸಿನಿಮಾ ಈ ಪಟ್ಟಿಯಲ್ಲೇ ಇಲ್ಲ. ಪಟ್ಟಿ ಮಾಡಿದವನಿಗೆ ಗೊತ್ತೇ ಇಲ್ಲ.

ನಾಗರಾಜ: ಲೋ, 1995 ಮೇ ತಿಂಗಳಲ್ಲಿ ಬಂದ ಸಿನಿಮಾ. ನಾವು ಕಾಲೇಜಿಗೆ ಸೇರಿದಾಗ್ಲೂ ಟಿಕೆಟ್ ಸಿಗ್ತಿರ್ಲಿಲ್ಲ, ನೆನಪಿದ್ಯಾ? 2015ರ ತನಕ ಟಿವಿಯಲ್ಲಿ ಬರ್ಲೇ ಇಲ್ಲ. ಇಪ್ಪತ್ತು ವರ್ಷ! ನೋಡ್ಬೇಕಂದ್ರೆ ಥಿಯೇಟರಿಗೇ ಹೋಗ್ಬೇಕಿತ್ತು. ಹೋದ್ರು ಜನ, ಮತ್ತೆ ಮತ್ತೆ ಹೋದ್ರು. ಮರುಬಿಡುಗಡೆಗೇ ಹೆಸರಾದ ಸಿನಿಮಾ ಅದು. ನಮ್ಮಪ್ಪನ ಕಾಲದವರು ನೋಡಿದ್ದನ್ನ ನನ್ನ ಮಗನೂ ಥಿಯೇಟರಲ್ಲೇ ನೋಡಿದ. ಇದು ಕಲ್ಟ್ ಅಲ್ಲದಿದ್ರೆ ಇನ್ಯಾವುದಪ್ಪ?

ಶಾಹಿನಾ: ಎ ಬಗ್ಗೆ ಯಾರೂ ಬಾಯೇ ಬಿಡ್ತಿಲ್ವಲ್ಲ. 1998, ನಮ್ಮ ಫೈನಲ್ ಇಯರ್. ಯಾವುದು ಮೊದಲು ಯಾವುದು ಆಮೇಲೆ ಅಂತ ತಿಳೀದೆ ಹೊರಗೆ ಬಂದು, ಬಸ್ ಸ್ಟ್ಯಾಂಡ್ ತನಕ ಜಗಳ ಆಡ್ಕೊಂಡು ಹೋಗಿದ್ವಿ. ಅರ್ಥ ಆಗ್ಲಿಲ್ಲ ಅಂತಾನೇ ಮುಂದಿನ ವಾರ ಮತ್ತೆ ದುಡ್ಡು ಕೊಟ್ಟು ಹೋದ್ವಲ್ಲ, ನನ್ನ ಪ್ರಕಾರ ಕಲ್ಟ್ ಅಂದ್ರೆ ಅದು.

ಪ್ರಕಾಶ: ಶಾಹಿನಾ ಹೇಳಿದ್ದು ಸರಿ ಉಂಟು. ನಾನು ಹೇಳೋದೂ ಅದೇ. 2014ರಲ್ಲಿ ಬೆಂಗಳೂರಲ್ಲಿ ಉಳಿದವರು ಕಂಡಂತೆ ನೋಡ್ಲಿಕ್ಕೆ ಎರಡನೇ ವಾರ ಹೋಗಿದ್ದೆ, ಹಾಲಲ್ಲಿ ಹದಿನೈದು ಜನ ಇರ್ಲಿಲ್ಲ. ಮಲ್ಪೆಯ ಕಡಲು, ಹುಲಿವೇಷ, ಅಷ್ಟಮಿ, ನಾನು ಆಡುವ ಕನ್ನಡ. ಅಷ್ಟರವರೆಗೆ ಸಿನಿಮಾದಲ್ಲಿ ನಮ್ಮ ಭಾಷೆ ಬಂದ್ರೆ ನಗಿಸ್ಲಿಕ್ಕೆ ಬರ್ತಿತ್ತು, ಹೆಚ್ಚೆಂದ್ರೆ ಅಡುಗೆ ಭಟ್ಟನ ಪಾತ್ರಕ್ಕೆ. ಅದರಲ್ಲಿ ಅದೇ ಭಾಷೆಯಲ್ಲಿ ಕೊಲ್ಲುವವನೂ ಮಾತಾಡ್ತಾನೆ, ಮಗನಿಗೆ ಕಾಯುವ ತಾಯಿಯೂ ಮಾತಾಡ್ತಾಳೆ. ಒಂದೇ ಘಟನೆ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಮುಗಿದ ಮೇಲೆ ನಾನು ಸೀಟಲ್ಲೇ ಕೂತಿದ್ದೆ, ಕಸ ಗುಡಿಸುವವರು ಬಂದು ಎಬ್ಬಿಸಿದ್ರು. ಅದರಲ್ಲಿ ರಘು ಆದವ್ರು ರಿಷಬ್ ಶೆಟ್ರು, ಸಂಗೀತ ಅಜನೀಶ್ ಲೋಕನಾಥ್. ಎಂಟು ವರ್ಷ ಬಿಟ್ಟು ಕಾಂತಾರದಲ್ಲಿ ಇಡೀ ದೇಶ ನೋಡಿದ್ದು ಇವರನ್ನೇ ಅಲ್ವಾ? ಮೊದಲು ಇದು ಇತ್ತು ಅಂತ ಯಾರಿಗೂ ನೆನಪಿಲ್ಲ.

ನಾಗರಾಜ: ಹದಿನೈದು ಜನ ನೋಡಿದ್ದನ್ನ ನಲವತ್ತು ಜನಕ್ಕೆ ಹಾಕಿ ಶನಿವಾರ ರಾತ್ರಿ ಕೆಡಿಸ್ಬೇಡ.

ಮಂಜು: ಸಮಾಧಾನ, ಸಮಾಧಾನ.

ಸುಮಾ: ಈಗಷ್ಟೇ ನೋಡಿದೆ ಪಟ್ಟಿನ. "ತಾಳ್ಮೆ ಇದ್ದವರಿಗೆ" ಅಂದ್ರೇನು ಮಂಜು?

ಮಂಜು: ನಾನು ಬರೆದಿದ್ದಲ್ಲ ಸುಮಾ, ಬಂದಿದ್ದನ್ನ ಹಾಕ್ದೆ.

ಸುಮಾ: ಗೊತ್ತು. ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಈ ಒಂದು ಕಂಸ ನೋಡಿ ನನಗೆ ನಿಜವಾಗ್ಲೂ ಹೊಟ್ಟೆ ಉರೀತು. ಬಂಗಾರದ ಮನುಷ್ಯ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಓಡ್ತು, ಕ್ಲಾಸಿಕ್. ಬೇಡ ಅನ್ನಲ್ಲ. ನಾಗರಹಾವು ತರಾಸು ಕಾದಂಬರಿ, ಪುಟ್ಟಣ್ಣನವರ ಕೈ, ಅದಕ್ಕೂ ಕೈ ಮುಗೀತೀನಿ. ಘಟಶ್ರಾದ್ಧ ಮಾತ್ರ ಯಾಕೆ ಬೇರೆ ಪಂಕ್ತಿ? ಊಟಕ್ಕೆ ಕರೆದು ಹೊರಗೆ ಎಲೆ ಹಾಕಿದ ಹಾಗೆ.

ಸುಮಾ: ಕಥೆ ಅನಂತಮೂರ್ತಿಯವರದ್ದು, ಸಿನಿಮಾ ಕಾಸರವಳ್ಳಿಯವರದ್ದು. ಇಬ್ರೂ ನಮ್ಮ ತೀರ್ಥಹಳ್ಳಿ ತಾಲೂಕಿನವರು. 1977, ಕಾಸರವಳ್ಳಿಯವರ ಮೊದಲ ಸಿನಿಮಾ, ಮೊದಲನೇದಕ್ಕೇ ಸ್ವರ್ಣಕಮಲ, ದೇಶದ ಅತ್ಯುತ್ತಮ ಸಿನಿಮಾ ಪ್ರಶಸ್ತಿ. ಸಂಗೀತ ಬಿ.ವಿ. ಕಾರಂತರದ್ದು. ಶಿವಮೊಗ್ಗದಲ್ಲಿ ಓದಿದ ನಮ್ಮಲ್ಲಿ ಎಷ್ಟು ಜನ ನೋಡಿದೀರಿ? ಕೈ ಎತ್ತಿ.

ಶಾಹಿನಾ: ಒಂದು ಸಲ ತೋರಿಸಿದ್ರಲ್ಲ ಸುಮಾ, ಸೆಕೆಂಡ್ ಇಯರಲ್ಲಿ. ಹಿಂದಿನ ಬೆಂಚಿನವರು ಅರ್ಧಕ್ಕೇ ಎದ್ದು ಹೋಗಿದ್ರು.

ಸುಮಾ: ನೆನಪಿದೆ. ಗೆರೆ ಗೆರೆ ಬಿದ್ದ ಪ್ರಿಂಟು. ಮಾತು ಸರಿಯಾಗಿ ಕೇಳಿಸ್ತಿರ್ಲಿಲ್ಲ, ಕತ್ತಲೆ ದೃಶ್ಯದಲ್ಲಿ ಯಾರ ಮುಖವೂ ಕಾಣ್ತಿರ್ಲಿಲ್ಲ. ಆದ್ರೂ ಆ ಪುಟ್ಟ ಹುಡುಗ ನಾಣಿ ನನ್ನ ಬಿಡ್ಲಿಲ್ಲ. ಪಾಠಶಾಲೆಗೆ ಬಂದ ಮಗು ಅದು. ಅಲ್ಲಿ ಅವನನ್ನ ಅಕ್ಕರೆಯಿಂದ ನೋಡ್ಕೊಳ್ಳೋದು ಯಮುನಕ್ಕ ಒಬ್ಳೇ, ಪಾಠಶಾಲೆ ನಡೆಸೋ ಉಡುಪರ ವಿಧವೆ ಮಗಳು. ಅವಳು ಬಸುರಿ ಅನ್ನೋದು ನಾಣಿಗೆ ಅರ್ಥ ಆಗಲ್ಲ, ಅವಳಿಗೆ ಏನೋ ಕಷ್ಟ ಬಂದಿದೆ ಅನ್ನೋದಷ್ಟೇ ಗೊತ್ತು. ಅವಳು ಹುತ್ತದೊಳಗೆ ಕೈ ಇಡೋವಾಗ ಪಕ್ಕದಲ್ಲಿರೋದು ಆ ಮಗು. ಊರಿನ ದೊಡ್ಡವರಿಗೆಲ್ಲ ಶಾಸ್ತ್ರ ಗೊತ್ತು, ನಾಣಿಗೆ ಯಮುನಕ್ಕ ಗೊತ್ತು. ಕೊನೆಗೆ ಅಪ್ಪ ಬಂದು ಅವನನ್ನ ಕರ್ಕೊಂಡು ಹೋಗ್ವಾಗ ತಿರುಗಿ ನೋಡ್ತಾನೆ. ತಲೆ ಬೋಳಿಸಿಕೊಂಡು ಒಬ್ಳೇ ಮರದ ಕೆಳಗೆ ಇದಾಳೆ. ಇದಕ್ಕೆ ತಾಳ್ಮೆ ಬೇಕಾ? ಪಿಯುಸಿ ಮಕ್ಕಳಿಗೆ ಈ ಕಥೆ ಹೇಳಿದೀನಿ, ಒಂದು ಮಗುವೂ ಅಲ್ಲಾಡದೆ ಕೇಳಿದೆ.

ಪ್ರಕಾಶ: ಈಗ ಒಳ್ಳೆ ಪ್ರಿಂಟ್ ಉಂಟಲ್ಲ, ಅಲ್ವಾ?

ಸುಮಾ: ಅದನ್ನೇ ಹೇಳ್ಬೇಕು ಅಂತಿದ್ದೆ. ಪುಣೆಯ ಫಿಲ್ಮ್ ಆರ್ಕೈವ್‌ನಲ್ಲಿ ಮೂಲ ನೆಗೆಟಿವ್ ಉಳಿದಿತ್ತು. ಅದರಿಂದಲೇ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ವೆನಿಸ್‌ನಲ್ಲಿ ಜನ ಕೂತು ನೋಡಿದ್ದು ನಮ್ಮ ಮಲೆನಾಡಿನ ಅಗ್ರಹಾರ. ನಾವು ಗೆರೆ ಬಿದ್ದ ಪ್ರಿಂಟ್ ನೋಡಿ "ಬೋರು" ಅಂತ ತೀರ್ಪು ಕೊಟ್ವಿ. ಅರ್ಧಕ್ಕೆ ಎದ್ದು ಹೋದವರಲ್ಲಿ ನಾಗ ಮೊದಲನೆಯವನು, ಹೆಸರು ಹೇಳ್ತೀನಿ, ಬೇಜಾರಾದ್ರೆ ಆಗ್ಲಿ.

ಮಂಜು: ತಿಥಿ ಸಿನಿಮಾನೂ ಬಿಟ್ಟಿದಾರೆ ಪಟ್ಟಿಯಲ್ಲಿ. ಮಂಡ್ಯ ಕಡೆ ಊರಿನವರೇ ನಟಿಸಿದ್ದು. ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು, ನಗು ಕೂಡ ಇದೆ.

ಶಾಹಿನಾ: ಮಂಜು, ಈಗ ಬೇಡ. ನಾಗ ಏನೋ ಟೈಪ್ ಮಾಡ್ತಿದಾನೆ, ಎಷ್ಟೊತ್ತಿಂದ.

ನಾಗರಾಜ: ಸುಮಾ, ನಾನು ಎದ್ದು ಹೋದದ್ದು ಬೋರಾಗಿ ಅಲ್ಲ. ಬದುಕಿರೋ ಮಗಳಿಗೆ ಅಪ್ಪ ಶ್ರಾದ್ಧ ಮಾಡೋಕೆ ಕೂತ್ನಲ್ಲ, ಆಗ ಎದ್ದೆ. ನಮ್ಮನೇಲಿ ಅಜ್ಜಿಯ ಅಕ್ಕ ಇದ್ರು. ಕೆಂಪು ಸೀರೆ, ತಲೆ ಮೇಲೆ ಸೆರಗು. ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಿಗೆ ಕ್ಷೌರದವನು ಬರ್ತಿದ್ದ, ನಮ್ಮನ್ನೆಲ್ಲ ಒಳಗೆ ಕಳಿಸೋರು. ಒಂದು ಸಲ ಕಿಟಕಿಯಿಂದ ನೋಡಿಬಿಟ್ಟೆ. ಅವರು ನನ್ನ ನೋಡಿದ್ರು. ಆಮೇಲೆ ನನ್ನ ಜೊತೆ ಮಾತೇ ಕಡಿಮೆ ಮಾಡಿದ್ರು. ಹಾಸ್ಟೆಲಲ್ಲಿ ಎಲ್ರೂ "ಬೋರ್ ಅಲ್ವೇನೋ" ಅಂದ್ರು, ಹೂಂ ಅಂದೆ.

ಶಾಹಿನಾ: ಅಯ್ಯೋ ನಾಗ.

ಸುಮಾ: ತಪ್ಪಾಯ್ತು ಕಣೋ. ಇಷ್ಟು ವರ್ಷ ಬೇರೆಯೇ ತಿಳ್ಕೊಂಡಿದ್ದೆ. ನೀನು ಬೇಡ ಅಂದ್ರೆ ಬೇಡ, ಸಂಸ್ಕಾರ ಹಾಕೋಣ, ಇಲ್ಲಾ ಬಿಡೋಣ.

ನಾಗರಾಜ: ಬೇಡ ಅಂತ ಎಲ್ಲಿ ಹೇಳ್ದೆ? ಹಾಕಿ. ಭಾನುವಾರ ಬೆಳಿಗ್ಗೆ ಹಾಕಿ, ರಾತ್ರಿ ಬೇಡ. ಕೊನೆ ಹೇಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ, ಈಗ ನೀನು ಹೇಳಿದ ಮೇಲೆ ಗೊತ್ತಾಯ್ತು. ಆದ್ರೆ ಶನಿವಾರ ಓಂ. ಅದು ಕಲ್ಟೇ. ಅದರಲ್ಲಿ ರಾಜಿ ಇಲ್ಲ.

ಪ್ರಕಾಶ: ಓಂ ಹಿಟ್, ಕಲ್ಟ್ ಅಲ್ಲ. ನಾನು ಒಪ್ಪುವುದಿಲ್ಲ, ಬರೆದಿಟ್ಕೊಳ್ಳಿ. ಓಂ ಮುಗಿದ ಮೇಲೆ ನನ್ನ ರೂಮಲ್ಲಿ ಲ್ಯಾಪ್‌ಟಾಪಲ್ಲಿ ಉಳಿದವರು ಕಂಡಂತೆ ಹಾಕ್ತೇನೆ. ನಿದ್ದೆ ಬಾರದವರು ಬನ್ನಿ.

ಶಾಹಿನಾ: ನಾನು ಬರ್ತೀನಿ. ಎ ಯಾವಾಗ?

ಮಂಜು: ಮುಂದಿನ ಸಲ ಶಾಹಿನಾ, ಮಾತು ಕೊಡ್ತೀನಿ. ಹಾಗಾದ್ರೆ ಶನಿವಾರ ರಾತ್ರಿ 8ಕ್ಕೆ ಓಂ, ಭಾನುವಾರ ಬೆಳಿಗ್ಗೆ 9ಕ್ಕೆ ಘಟಶ್ರಾದ್ಧ. ನಾಳೆಯೇ ಅನುಮತಿಗೆ ಬರೀತೀನಿ. ತಿಂಡಿ 8ಕ್ಕೇ ಮುಗೀಬೇಕು, ನಡುವೆ ಕಾಫಿಗೆ ಅಂತ ನಿಲ್ಸಲ್ಲ.

ನಾಗರಾಜ: ಬಾಗಿಲ ಹತ್ರ ಒಂದು ಕುರ್ಚಿ ಹಾಕ್ಸು ಮಂಜ.

ಸುಮಾ: ಎರಡು ಹಾಕ್ಸು.